ಸಂಜೆಗೆ ಸಾವಿರ

"ಮೈ ಬಗ್ಗಲ್ಲ, ಅದಕ್ಕೇ ಬಡತನ" ಅನ್ನೋರು ಒಮ್ಮೆ ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಕಡೆ ಹೋಗಿ ಬನ್ನಿ. ತಳ್ಳುಗಾಡಿಯವರ ಮಾಮೂಲಿ ಮೀಟರ್ ಬಡ್ಡಿ ಹೀಗಿರುತ್ತೆ: ಬೆಳಗ್ಗೆ ಕೈಗೆ 900, ಸಂಜೆ ವಾಪಸ್ 1000. ತಿಂಗಳಿಗೆ 25 ದಿನ ವ್ಯಾಪಾರ ಅಂದ್ರೂ ಬರೀ ಬಡ್ಡಿಯೇ 2500. ಮಾರನೇ ದಿನ ಮತ್ತೆ ಅದೇ 900ಕ್ಕೆ ಕೈ ಚಾಚಬೇಕು.

ದಿನಾ 50 ಎತ್ತಿಟ್ಟರೆ 18 ದಿನಕ್ಕೆ ಸ್ವಂತ ಬಂಡವಾಳ ಆಗುತ್ತಲ್ಲ ಅಂತೀರಿ. ಲೆಕ್ಕವೇನೋ ಸರಿ. ಹನ್ನೊಂದನೇ ದಿನ ಮಧ್ಯಾಹ್ನ ಮಳೆ ಹುಯ್ದರೆ? ಗಿರಾಕಿ ಇಲ್ಲ, ಸೊಪ್ಪು ಕೊಳೆಯುತ್ತೆ, ಸಾವಿರ ಮಾತ್ರ ಕಟ್ಟಲೇಬೇಕು. ಎತ್ತಿಟ್ಟ 500 ಅಲ್ಲಿಗೆ ಖಾಲಿ. ಮಗುವಿಗೆ ಜ್ವರ ಬಂದ್ರೂ ಅದೇ ಗತಿ. ಇದಕ್ಕೆ ನಾವು ಹಣೆಬರಹ ಅಂತೀವಿ. ಉಳ್ಳವರ ವಿಷಯಕ್ಕೆ ಬಂದಾಗ "ಕಷ್ಟಪಟ್ಟು ಮೇಲೆ ಬಂದ್ರು" ಅನ್ನೋದು. ಅಪ್ಪ ಬಿಟ್ಟುಹೋದ ಸೈಟು ಲೆಕ್ಕಕ್ಕೇ ಇಲ್ಲ!

ಬೀದಿ ವ್ಯಾಪಾರಿಗಳಿಗೆ ಸಾಲ ಕೊಡೋ ಯೋಜನೆಗಳಾಗಿ 2018ರಲ್ಲಿ ರಾಜ್ಯದ ಬಡವರ ಬಂಧು, 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂದವು. ಸ್ವನಿಧಿಯ ಮೊದಲ ಸಾಲ 2020ರಲ್ಲಿ 10,000 ಇತ್ತು, ಅಡಮಾನ ಬೇಡ, ಒಂದು ವರ್ಷದೊಳಗೆ ತಿಂಗಳ ಕಂತಿನಲ್ಲಿ ತೀರಿಸೋದು. ಆದರೆ ಬೀದಿ ವ್ಯಾಪಾರಿ ಗುರುತಿನ ಚೀಟಿ ಬೇಕು, ಇಲ್ಲವೇ ಶಿಫಾರಸು ಪತ್ರ, ಜೊತೆಗೆ ಬ್ಯಾಂಕ್ ಖಾತೆ. ಮೀಟರ್ ಬಡ್ಡಿಯವನು ಇದ್ಯಾವುದನ್ನೂ ಕೇಳಲ್ಲ.