ಝೆರಾಕ್ಸ್ ಅಂಗಡಿಯಲ್ಲಿ ಉಳಿದ ಆಧಾರ್

ವಿಜಯಪುರದ ಗಾಂಧಿ ಚೌಕದಲ್ಲಿ ವಾಟ್ಸಾಪ್‌ನಿಂದ ಆಧಾರ್ ಕಳಿಸಿ ಪ್ರಿಂಟ್ ತಗೊಂಡಿರಾ? ಹಾಳೆ ನಿಮ್ಮ ಕೈಗೆ ಬಂತು, ಫೈಲ್ ಅಂಗಡಿಯ ಕಂಪ್ಯೂಟರಿನಲ್ಲೇ ಉಳೀತು. ಎದುರಿಗೇ ಅಳಿಸಿಸಿ.

ಸಾಧ್ಯವಿದ್ದಲ್ಲಿ ಮಾಸ್ಕ್ಡ್ ಆಧಾರ್ ಕೊಡಿ. ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಪ್ರತಿಯ ಮೇಲೆ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ದಿನಾಂಕ ಹಾಕಿ, ಅಕ್ಷರಗಳ ಮೇಲೆ ಹಾಯುವಂತೆ ಬರೆಯಿರಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ಮತ್ತೆ ಝೆರಾಕ್ಸ್ ಮಾಡೋದು ಎಷ್ಟೊತ್ತಿನ ಕೆಲಸ? ಆಧಾರ್‌ನಲ್ಲಿ ಬೆರಳಚ್ಚಿನ ಬಳಕೆ ತಡೆಯುವ ಬಯೋಮೆಟ್ರಿಕ್ ಲಾಕ್ ಮಾಡಿದ್ದರೆ ರೇಷನ್ ಅಂಗಡಿಗೆ ಹೋಗುವ ಮುನ್ನ ತೆರೆಯಿರಿ, ಇಲ್ಲವಾದರೆ ಹೆಬ್ಬೆಟ್ಟು ಹತ್ತೋದಿಲ್ಲ.

ಆಧಾರ್ ಪ್ರತಿ ಬಳಸಿ ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಕೇಳಿದ್ದಾರಾ ನೋಡಿಕೊಳ್ಳಿ. ಸಾಲದ ದಾಖಲೆ ಇಡುವ ಸಿಬಿಲ್ ಸೇರಿ 4 ಸಂಸ್ಥೆಗಳೂ ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಬೇಕು. ಸ್ಕೋರ್ ನೋಡಿ ಮುಚ್ಚಿಡಬೇಡಿ, ಯಾವ ಕಂಪನಿಗಳು ನಿಮ್ಮ ವರದಿ ತರಿಸಿ ನೋಡಿವೆ ಎಂದು ತೋರಿಸುವ ‘ಎನ್‌ಕ್ವೈರಿ’ ಭಾಗ ಓದಿ. ನೀವು ಸಾಲವನ್ನೇ ಕೇಳದ ಕಂಪನಿಯ ಹೆಸರು ಅಲ್ಲಿದ್ದರೆ ತಕರಾರು ದಾಖಲಿಸಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಖಾತೆಯಿಂದ ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ.