ಮಸಾಲೆ ಹಚ್ಚುವ ಮೊದಲು ಬೆಲೆ ಹೇಳಬೇಕು

ಮಲ್ಪೆಯ ಮೀನೂಟದ ಹೋಟೆಲೊಂದರಲ್ಲಿ ಊಟದ ಮೇಜುಗಳ ಉಸ್ತುವಾರಿ ನನ್ನ ಕೆಲಸ. ಹೊಸ ಹುಡುಗರು ಸಪ್ಲೈಯರ್ ಆಗಿ ಸೇರಿದಾಗ ನಾನು ಮೊದಲು ಕಲಿಸುವುದು ಇಷ್ಟು: ಹಸಿ ಮೀನನ್ನು ಗಿರಾಕಿಗೆ ತೋರಿಸಬೇಕು, ಅದರ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕು, ಅವರು ಒಪ್ಪಿದ ಮೇಲೆಯೇ ಅಡುಗೆಮನೆಗೆ ಕಳುಹಿಸಬೇಕು.

ಕರಾವಳಿಯ ಎಷ್ಟೋ ಹೋಟೆಲುಗಳ ಮೆನುವಿನಲ್ಲಿ ಅಂಜಲ್, ಮಾಂಜಿ, ಕಾಣೆಗಳ ಎದುರು ಬೆಲೆಯ ಬದಲು ‘ಎ.ಪಿ.ಎಸ್.’ ಎಂದಿರುತ್ತದೆ. ಗಾತ್ರ ನೋಡಿ ಬೆಲೆ ಎಂದು ಅದರ ಅರ್ಥ. ಬಂದರಿನ ಹರಾಜಿನಲ್ಲಿ ದರ ದಿನಕ್ಕೊಂದು, ಮೀನಿನ ಗಾತ್ರವೂ ಒಂದರಂತೆ ಇನ್ನೊಂದಿಲ್ಲ, ಆದ್ದರಿಂದ ಬೆಲೆಯನ್ನು ಅಚ್ಚು ಹಾಕಿಸಲಾಗದು ಎನ್ನುವುದೇನೋ ನಿಜವೇ. ಆದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಮಕ್ಕಳುಮರಿಯೊಂದಿಗೆ ಬಂದವರಿಗೆ ಆ ಮೂರಕ್ಷರದಿಂದ ಏನು ತಿಳಿಯಬೇಕು? ನಾನು ಹಿಂದೆ ದುಡಿಯುತ್ತಿದ್ದ ಇನ್ನೊಂದು ಹೋಟೆಲಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಒಂದು ಕುಟುಂಬ ದೊಡ್ಡ ಮಾಂಜಿಯೊಂದನ್ನು ತವಾ ಫ್ರೈ ಮಾಡಿಸಿಕೊಂಡು ಬಲು ಖುಷಿಯಿಂದ ತಿಂದಿತು. ಬಿಲ್ಲು ಬಂದಾಗ ಮನೆಯ ಯಜಮಾನರ ಮುಖ ಬಾಡಿತು. ಹೆಂಡತಿ, ತಾಯಿ ಎದುರಿಗಿದ್ದರು. ಅವರು ಒಂದು ಮಾತೂ ಆಡದೆ ಹಣ ಎಣಿಸಿಕೊಟ್ಟು ಎದ್ದರು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸರಿಯಾದ ಪದ್ಧತಿ ಯಾವುದೆಂದು ನಾನು ಕಂಡುಕೊಂಡದ್ದು ಬಂದರಿನಲ್ಲಿ ಮೀನು ಮಾರುವ ಮೊಗವೀರ ಹೆಂಗಸರಿಂದ. ಅವರು ಕಿವಿರು ಎತ್ತಿ ಕೆಂಪು ತೋರಿಸುತ್ತಾರೆ, ಹೊಟ್ಟೆ ಒತ್ತಿ ನೋಡಲು ಬಿಡುತ್ತಾರೆ, ದರ ಹೇಳುತ್ತಾರೆ. ಚೌಕಾಸಿ ಮುಗಿಯುವ ತನಕ ಕತ್ತಿಗೆ ಕೈ ಹಾಕುವುದಿಲ್ಲ. ಕೊಂಡವರೂ ಮಾರಿದವರೂ ಸಮನಾಗಿ ತಿಳಿದಿರುವ ವ್ಯಾಪಾರ ಅದು. ಹೋಟೆಲಿನ ಮೇಜಿನಲ್ಲಿ ಅದು ಆಗದಿರಲು ಯಾವ ಕಾರಣವೂ ಇಲ್ಲ.

ಮೀನು ತೋರಿಸಿದ ಕೂಡಲೇ ಬರುವ ಪ್ರಶ್ನೆ, ‘ಇದು ತಾಜಾ ತಾನೆ?’ ಇದಕ್ಕೆ ಉತ್ತರ ಹೇಳಬೇಕಾದರೆ ಬೋಟುಗಳ ವಿಷಯ ಗೊತ್ತಿರಬೇಕು. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಸಾಮಾನ್ಯವಾಗಿ ಹೋದ ದಿನವೇ ಮರಳುತ್ತವೆ. ಅವು ತರುವ ಬಂಗುಡೆ, ಬೂತಾಯಿ ನಿಜಕ್ಕೂ ಹೊಸ ಮೀನು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಹತ್ತು ಹನ್ನೆರಡು ದಿನ ನೀರಿನಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಬೊಂಡಾಸ್ (ಸ್ಕ್ವಿಡ್) ದಡ ಸೇರುವಾಗ ವಾರ ಕಳೆದಿರುತ್ತದೆ. ಮಂಜುಗಡ್ಡೆಯಲ್ಲಿ ಚೆನ್ನಾಗಿಟ್ಟಿದ್ದರೆ ಅದು ಕೆಟ್ಟ ಮೀನಲ್ಲ, ಆದರೆ ‘ಇವತ್ತು ಹಿಡಿದದ್ದು’ ಎಂದು ಹೇಳಿದರೆ ಸುಳ್ಳಾಗುತ್ತದೆ. ದೂರದೂರಿನವರು ಬಂದವರೇ ಅಂಜಲ್ ಕೇಳುತ್ತಾರೆ. ಬಂದರಿನ ಪಕ್ಕದಲ್ಲೇ ಕುಳಿತು ಉಣ್ಣುವವರು ಬಂಗುಡೆ ಪುಳಿಮುಂಚಿಯನ್ನೋ ಬೂತಾಯಿ ಗಸಿಯನ್ನೋ ಕುಚ್ಚಲಕ್ಕಿ ಅನ್ನದೊಂದಿಗೆ ತಿನ್ನಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಲೆಯೂ ಕಡಿಮೆ, ರುಚಿಗಂತೂ ಎಣೆಯಿಲ್ಲ.

ಇದೇ ಬಂಗುಡೆ, ಬೂತಾಯಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸೆಕೆಯಲ್ಲಿ ಕೆಲವು ಗಂಟೆ ಹೊರಗೆ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟಾಗುತ್ತದೆ. ಒಮ್ಮೆ ಉಂಟಾದರೆ ಎಷ್ಟು ಕುದಿಸಿದರೂ, ಎಷ್ಟು ಕರಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರುತ್ತದೆ, ತುರಿಕೆ, ತಲೆನೋವು ಶುರುವಾಗುತ್ತದೆ. ಅದಕ್ಕಾಗಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಎಂಬ ಲೆಕ್ಕವನ್ನು ನಾವು ತಪ್ಪಿಸುವುದಿಲ್ಲ. ಮೀನು 4 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಬಾರದು. ಗಿರಾಕಿಗೆ ತೋರಿಸುವ ತಟ್ಟೆಯಲ್ಲೂ ಕೆಳಗೆ ಮಂಜು ಹಾಸಿರಬೇಕು. ಒಂದೇ ತಟ್ಟೆಯನ್ನು ಮಧ್ಯಾಹ್ನವಿಡೀ ಮೇಜಿನಿಂದ ಮೇಜಿಗೆ ಮೆರವಣಿಗೆ ಮಾಡಿಸುವ ಹುಡುಗನನ್ನು ಕಂಡರೆ ನನಗೆ ಕೋಪ ಬರುತ್ತದೆ.

ಕೇಳದೆಯೇ ಹೇಳಬೇಕಾದ ಮಾತು ಇನ್ನೂ ಇದೆ. ಉಡುಪಿ ಇಲ್ಲಿಗೆ ಆರು ಕಿಲೋಮೀಟರ್. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಕಾಪಾಡಿದರು, ಅದರಲ್ಲಿದ್ದ ಗೋಪಿಚಂದನದ ಗಡ್ಡೆಯಿಂದ ಕೃಷ್ಣನ ಮೂರ್ತಿ ದೊರೆಯಿತು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಮಠದಲ್ಲಿ ದರ್ಶನ ಮಾಡಿ, ವಡಭಾಂಡೇಶ್ವರದ ಬಲರಾಮನಿಗೆ ಕೈಮುಗಿದು, ಸೇಂಟ್ ಮೇರೀಸ್ ದ್ವೀಪ ನೋಡಿ ಊಟಕ್ಕೆ ಬರುವವರು ಬಹಳ. ಅಂಥ ಮೇಜಿನಲ್ಲಿ ಮೊಮ್ಮಗ ಸಿಗಡಿ ಬೇಕೆನ್ನುತ್ತಾನೆ, ಅಜ್ಜಿ ಮೀನು ಮುಟ್ಟುವವರಲ್ಲ. ‘ಅಮ್ಮ, ನಿಮ್ಮ ನೀರುದೋಸೆ ಬೇರೆ ಕಾವಲಿಯಲ್ಲಿ ಹೊಯ್ಯುತ್ತೇವೆ, ಸೌಟೂ ಬೇರೆ’ ಎಂದು ಮೊದಲೇ ಹೇಳಿದರೆ ಅವರು ನಿರಾಳವಾಗಿ ಕೂರುತ್ತಾರೆ. ಹೇಳಿದಂತೆ ನಡೆದುಕೊಳ್ಳಲೂ ಬೇಕು. ಅಡುಗೆಮನೆಯ ಅಕ್ಕ ಆ ಕಾವಲಿಯನ್ನು ಬೇರೆಯವರು ಮುಟ್ಟಲು ಬಿಡುವುದಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಕಷ್ಟವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ. ಬೋಟುಗಳೆಲ್ಲ ದಡ ಸೇರಿರುತ್ತವೆ. ಕಡಲು ಬಿಟ್ಟುಕೊಟ್ಟ ದಿನ ನಾಡದೋಣಿಯವರು ತಂದಷ್ಟೇ ಇಲ್ಲಿನ ಮೀನು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಅದು ಮುಗಿದ ಮೇಲೆ ಅಲ್ಲಿಯ ಮೀನು ಲಾರಿಯಲ್ಲಿ ಬರುತ್ತದೆ. ಜುಲೈಯಲ್ಲಿ ಯಾರಾದರೂ ‘ಮಲ್ಪೆ ಮೀನೇ?’ ಎಂದರೆ, ‘ಅಲ್ಲ ಸರ್, ಆ ಕಡೆಯ ಕಡಲಿನದು; ನಾಡದೋಣಿಯ ಸಿಗಡಿ ಸ್ವಲ್ಪ ಇದೆ’ ಎನ್ನುವುದನ್ನು ನಮ್ಮ ಹುಡುಗರು ಕಲಿತಿದ್ದಾರೆ. ಕೆಲವರು ಎದ್ದು ಹೋಗುತ್ತಾರೆ, ಹೆಚ್ಚಿನವರು ಕೂರುತ್ತಾರೆ.

ಬೆಲೆ ಹೇಳಿದರೆ ಜನ ಅಗ್ಗದ ಮೀನಿಗೆ ಇಳಿಯುತ್ತಾರೆ ಎಂದು ನಮ್ಮ ಧಣಿಗಳಿಗೆ ಮೊದಲು ಅನುಮಾನವಿತ್ತು. ಇಳಿಯುವವರು ಇದ್ದಾರೆ, ಅದು ಅವರ ಹಕ್ಕು. ಮಾಂಜಿ ಬಿಟ್ಟು ಬಂಗುಡೆ ಹೇಳಿದವರ ಮುಂದೆ ಮುಖ ಸಣ್ಣದು ಮಾಡಬಾರದು, ಅವರ ಗಸಿಯೂ ಅಷ್ಟೇ ಬಿಸಿಯಾಗಿ, ಅಷ್ಟೇ ಬೇಗ ಮೇಜಿಗೆ ಹೋಗಬೇಕು ಎಂದು ಹುಡುಗರಿಗೆ ದಿನವೂ ಹೇಳುತ್ತೇನೆ.