ಅಮ್ಮನ ಹೆಸರಿನ ಬಾಗಿನ

ಈ ವರ್ಷ ತವರಲ್ಲಿ ಗೌರಿ ಹಬ್ಬ ಇರಲಿಲ್ಲ. ಮಾಘದಲ್ಲಿ ಅಮ್ಮ ಹೋದಳು, ವರ್ಷ ತುಂಬುವವರೆಗೆ ತಿಪಟೂರಿನ ಮನೆಯಲ್ಲಿ ಅಣ್ಣ ಹಬ್ಬ ಮಾಡುವ ಹಾಗಿಲ್ಲ. ಕೊಟ್ಟ ಹೆಣ್ಣಿಗೆ ಮೂರೇ ದಿನದ ಸೂತಕ, ನೀನು ಬಿಡಬೇಡ ಅಂತ ಅತ್ತಿಗೆ ಫೋನಲ್ಲಿ ಹೇಳಿದರು. ಹಾಗಾಗಿ ಇಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅರಿಶಿನದ ಗೌರಿ ಮಾಡಿ ಕೂರಿಸಿದೆ. 2025ರಲ್ಲಿ ಊರಲ್ಲಿ ಹಬ್ಬ ಆಗಸ್ಟ್ 26, ಮಂಗಳವಾರ. ಇಲ್ಲಿ ತದಿಗೆ ಹಿಂದಿನ ದಿನ ಸೋಮವಾರವೇ ಬಂತು, ರಜೆ ಹಾಕಿದೆ.

ಮೊರಗಳು ಅಮ್ಮ ಕೊಟ್ಟವೇ. ಹೋದ ಸಲ ಊರಿಗೆ ಹೋಗಿದ್ದಾಗ ಪುಟ್ಟ ಪುಟ್ಟ ಬಿದಿರಿನ ಮೊರ ತರಿಸಿ, ತೊಳೆದು, ಅರಿಶಿನ ಬಳಿದು ಒಣಗಿಸಿ, ಮುರಿಯದ ಹಾಗೆ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಳು. ಅದೇ ಮೊರದಲ್ಲಿ ಅಕ್ಕಿ, ಬೇಳೆಗಳು, ರವೆ, ಅಚ್ಚುಬೆಲ್ಲ, ಅರಿಶಿನ ಕುಂಕುಮ, ಹಸಿರು ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಜೋಡಿಸಿದೆ. ಅಮ್ಮ ಒಂದು ಕೊಬ್ಬರಿ ಗಿಟುಕನ್ನೂ ಇಡುತ್ತಿದ್ದಳು, ತಿಪಟೂರಿನವರು ಕೊಬ್ಬರಿ ಇಲ್ಲದೆ ಬಾಗಿನ ಕೊಡೋದುಂಟಾ ಅಂತ. ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಹುಡುಕಿ ಅದನ್ನೂ ತಂದಿಟ್ಟೆ.

ಆದರೆ ಅಪ್ಪ ಹೋದ ಮೇಲೆ ಅಮ್ಮನಿಗೆ ಯಾರೂ ಬಾಗಿನ ಕೊಡಲಿಲ್ಲ. ಹೆಣ್ಣುಮಕ್ಕಳು ಮೊದಲ ಬಾಗಿನ ಹೆತ್ತ ತಾಯಿಗೇ ಕೊಡಬೇಕು ಅಂತಾರೆ, ಅದೂ ತಾಯಿ ಮುತ್ತೈದೆಯಾಗಿದ್ದರೆ ಮಾತ್ರ. ಅಕ್ಕಪಕ್ಕದವರ ಮೊರ ಜೋಡಿಸಿಕೊಡುವವಳು ಅವಳು, ಗೌರಿ ದಾರಕ್ಕೆ 16 ಗಂಟು ಹಾಕಿಕೊಡುವವಳು ಅವಳು, ಒಬ್ಬಟ್ಟಿಗೆ ಹೂರಣ ರುಬ್ಬುವವಳೂ ಅವಳೇ, ಬಾಗಿನ ಕೊಡುವ ಹೊತ್ತಿಗೆ ಮಾತ್ರ ಒಲೆ ಮೇಲೆ ಏನೋ ಇಟ್ಟಿದ್ದೀನಿ ಅಂತ ಒಳಗೆ ಹೋಗಿಬಿಡುತ್ತಿದ್ದಳು. ಗೌರಿ ತವರಿಗೆ ಬರುವ ಹಬ್ಬ ಅಲ್ವಾ ಇದು? ತವರಲ್ಲಿ ಇದ್ದ ತಾಯಿಯನ್ನೇ ಪಕ್ಕಕ್ಕೆ ಸರಿಸುವುದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಇಲ್ಲೇ ಹತ್ತಿರದಲ್ಲಿರುವ ಗೆಳತಿಯ ತಾಯಿ ಊರಿಂದ ಬಂದಿದ್ದಾರೆ. ಅವರಿಗೂ ಯಜಮಾನರಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ 'ನಾನ್ಯಾಕಮ್ಮ, ಮಗಳನ್ನ ಕಳಿಸ್ತೀನಿ' ಅಂದರು. ನಾನೇ ಕಾರಲ್ಲಿ ಹೋಗಿ ಕರೆದುಕೊಂಡು ಬಂದೆ. ಪೂಜೆ ಮುಗಿದ ಮೇಲೆ ಮೊರಕ್ಕೆ ಸೆರಗು ಮುಚ್ಚಿ ಮೊದಲು ಅವರ ಮುಂದೆಯೇ ನಿಂತೆ, ಅಮ್ಮನ ಹೆಸರು ಹೇಳಿದೆ. ಅವರು ಕೈ ನೀಡಲಿಲ್ಲ. 'ನಿಮ್ಮನೇಲಿ ದೊಡ್ಡವರು ಏನಂತಾರೋ' ಅಂದರು. ಮೈಸೂರಿನಿಂದ ನಮ್ಮತ್ತೆ ವಿಡಿಯೋ ಕಾಲಲ್ಲಿ ಪೂಜೆ ನೋಡ್ತಾ ಇದ್ದರು, ಅಲ್ಲಿ ಆಗಲೇ ದೀಪ ಹಚ್ಚುವ ಹೊತ್ತು. 'ತಗೊಳ್ಳಿ, ನಮ್ಮ ಬೀಗಿತ್ತಿ ಹೆಸರಲ್ಲಿ ಕೊಡ್ತಿದ್ದಾಳೆ, ಬೇಡ ಅನ್ನಬಾರದು' ಅಂತ ಅವರೇ ಹೇಳಿದರು. ಆ ಒಂದು ಮಾತಿಗೆ ನಮ್ಮತ್ತೆ ಬಗ್ಗೆ ನನಗಿದ್ದ ಗೌರವ ಇನ್ನೂ ಜಾಸ್ತಿಯಾಯ್ತು. ಆಮೇಲೆ ಅವರು ಸೆರಗೊಡ್ಡಿ ಬಾಗಿನ ತಗೊಂಡರು. ಮೇಲಿನ ಮೊರ ಎತ್ತಿ, ಬಳೆ ತೆಗೆದು, ಅಲ್ಲೇ ತೊಟ್ಟುಕೊಂಡರು. ಒಬ್ಬಟ್ಟಿನ ಊಟಕ್ಕೆ ಕೂತಾಗ ಅಮ್ಮನ ಬಗ್ಗೆ ಒಂದೊಂದೇ ಕೇಳಿದರು, ಏನು ಇಷ್ಟ ಇತ್ತು, ಹೇಗೆ ಹೋದರು, ಕೊನೇಲಿ ನೀನು ಮುಖ ನೋಡಿದ್ಯಾ ಅಂತ. ಅಮ್ಮ ಹೋದ ಮೇಲೆ ನಾನು ಅಷ್ಟು ಮಾತಾಡಿದ್ದು ಅವತ್ತೇ.

ಮಾರನೇ ದಿನ ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಮುಂದಿನ ವರ್ಷ ಮನೆಯಲ್ಲಿ ಹಬ್ಬ ಶುರುವಾದಾಗ, ಅಮ್ಮನ ಜೊತೆ ಒಳಗೆ ಹೋಗಿ ಕೂರುತ್ತಿದ್ದ ಎದುರುಮನೆ ಅಜ್ಜಿಗೆ ಮೊದಲ ಮೊರ ಇಡೋಣ ಅಂದರು. ಅಣ್ಣನೂ ಒಪ್ಪಿದ್ದಾನೆ. ನಾನು ಆ ಹೊತ್ತಿಗೆ ಟಿಕೆಟ್ ನೋಡ್ತಾ ಇದ್ದೀನಿ.